ಅರ್ಧ ಮುಳುಗುವ ಡ್ರೈ ಫ್ಲೈ: ನನ್ನ ಅನುಭವ

ಹೊಳೆಯಲ್ಲಿ ಟ್ರೌಟ್ ಮೀನು ತಿನ್ನಲು ಮೇಲೆ ಏಳುತ್ತಿತ್ತು, ನೀರಿನ ಮೇಲೆ ಉಂಗುರಗಳೂ ಕಾಣುತ್ತಿದ್ದವು. ಕೊಕ್ಕೆಗೆ ಗರಿ, ನೂಲು ಸುತ್ತಿ ಹುಳುವಿನಂತೆ ಕಟ್ಟಿದ ನನ್ನ ಫ್ಲೈ ಕಡೆ ಮಾತ್ರ ಒಂದೂ ತಿರುಗಿ ನೋಡುತ್ತಿರಲಿಲ್ಲ. ಒಂದು ಸಂಜೆ ಗಾಳ ಬೀಸುವುದನ್ನು ಬಿಟ್ಟು ಸುಮ್ನೆ ನೋಡುತ್ತಾ ಕೂತೆ. ಮೀನಿನ ಬೆನ್ನು ಕಾಣುತ್ತಿತ್ತು, ಬಾಲದ ತುದಿ ಕಾಣುತ್ತಿತ್ತು, ಮೂತಿ ಹೊರಗೆ ಬರುತ್ತಲೇ ಇರಲಿಲ್ಲ. ಅಂದರೆ ಅದು ತಿನ್ನುತ್ತಿದ್ದುದು ನೀರಿನ ಮೇಲೆ ಕೂತ ಹುಳುವನ್ನಲ್ಲ. ಪೊರೆ ಬಿಟ್ಟು ಮೇಲೆ ಬರುತ್ತಾ ನೀರಿಗೆ ಅರ್ಧ ಅಂಟಿಕೊಂಡಿರುವ ಹುಳುವನ್ನು.

ಆಗ ಕ್ಲಿಂಕ್‌ಹ್ಯಾಮರ್ ಕಟ್ಟಲು ಶುರು ಮಾಡಿದೆ. ಡಚ್ ಮೀನುಬೇಟೆಗಾರ ಹ್ಯಾನ್ಸ್ ವಾನ್ ಕ್ಲಿಂಕೆನ್ 1980ರ ದಶಕದಲ್ಲಿ ನಾರ್ವೆಯ ಗ್ಲೊಮ್ಮಾ ನದಿಯ ಗ್ರೇಲಿಂಗ್ ಮೀನಿಗಾಗಿ ಮಾಡಿದ ಫ್ಲೈ ಇದು. ಮಾಮೂಲಿ ಡ್ರೈ ಫ್ಲೈಯಲ್ಲಿ, ಅಂದರೆ ನೀರಿನ ಮೇಲೆ ತೇಲುವ ಫ್ಲೈಯಲ್ಲಿ, ಗರಿಯನ್ನು ಕೊಕ್ಕೆಯ ಸುತ್ತ ಸುತ್ತುತ್ತೇವೆ, ಫ್ಲೈ ಗರಿಯ ತುದಿಗಳ ಮೇಲೆ ನಿಲ್ಲುತ್ತದೆ. ಇದರಲ್ಲಿ ಬಿಳಿ ನೂಲಿನ ಒಂದು ಪುಟ್ಟ ಕಂಬ ಇರುತ್ತದೆ, ಗರಿಯನ್ನು ಅದರ ಸುತ್ತ ಅಡ್ಡಕ್ಕೆ ಸುತ್ತಬೇಕು. ಗರಿ ಕೊಡೆಯಂತೆ ನೀರಿನ ಮೇಲೆ ಹರಡಿಕೊಳ್ಳುತ್ತದೆ, ಬಾಗಿದ ಮೈ ಕೆಳಗೆ ನೇತಾಡುತ್ತದೆ.

ನಾನು ಜಾಸ್ತಿ ಬಳಸುವುದು 14ನೇ ನಂಬರಿನ ಬಾಗಿದ ಕೊಕ್ಕೆ. ಮೊದಲು ಕಂಬ ಕಟ್ಟಿ, ಬುಡಕ್ಕೆ ದಾರ ಬಿಗಿಯಾಗಿ ಸುತ್ತುತ್ತೇನೆ. ಬುಡ ಅಲ್ಲಾಡಿದರೆ ಮುಂದಿನದೆಲ್ಲ ಕೆಡುತ್ತದೆ. ಮೈ ಸಣ್ಣಗಿರಬೇಕು, ಕೊಕ್ಕೆಯ ತಿರುವಿನವರೆಗೂ ಇಳಿಯಬೇಕು. ಎದೆಗೆ ನವಿಲುಗರಿಯ ಎರಡು ಮೂರು ಎಳೆ ಸಾಕು. ಆಮೇಲೆ ಕೋಳಿಗರಿ, ಐದಾರು ಸುತ್ತು, ಪ್ರತಿ ಸುತ್ತೂ ಹಿಂದಿನದರ ಕೆಳಗೆ ಕೂರಬೇಕು. ಮೇಲಕ್ಕೆ ಹತ್ತಿಸಿದರೆ ಮೀನು ಒಮ್ಮೆ ಬಾಯಿ ಹಾಕಿದ ಕೂಡಲೇ ಗರಿ ಕಳಚಿ ಬರುತ್ತದೆ. ಕೊನೆಯ ಗಂಟನ್ನು ಮೊದಮೊದಲು ಕೊಕ್ಕೆಯ ಕಣ್ಣಿನ ಹತ್ತಿರ ಹಾಕುತ್ತಿದ್ದೆ, ಗರಿಯ ಎಳೆಗಳೆಲ್ಲ ದಾರಕ್ಕೆ ಸಿಕ್ಕಿಕೊಳ್ಳುತ್ತಿದ್ದವು. ಈಗ ಗರಿಯ ಕೆಳಗೆ, ಕಂಬದ ಬುಡಕ್ಕೇ ಹಾಕುತ್ತೇನೆ. ಒಂದು ಎಳೆಯೂ ಬಾಗುವುದಿಲ್ಲ.

ಇಷ್ಟೆಲ್ಲ ಆದರೂ ಮೊದಲ ದಿನ ಮೀನು ಬರಲಿಲ್ಲ. ಅಭ್ಯಾಸಬಲದಿಂದ ತೇಲಿಸುವ ಜೆಲ್ಲನ್ನು ಇಡೀ ಫ್ಲೈಗೆ ಸವರಿದ್ದೆ. ಮೈ ಮುಳುಗದೆ ನೀರಿನ ಮೇಲೆ ಅಡ್ಡ ಮಲಗಿತ್ತು. ಮುಳುಗದಿದ್ದರೆ ಇದನ್ನು ಕಟ್ಟಿಯಾದರೂ ಏನು ಬಂತು, ಅಲ್ವಾ? ಈಗ ಕಂಬಕ್ಕೂ ಗರಿಗೂ ಮಾತ್ರ ಜೆಲ್ ಹಚ್ಚಿ, ಮೈಯನ್ನು ನೀರಲ್ಲಿ ಅದ್ದಿ ಬೆರಳಿನಿಂದ ಹಿಂಡುತ್ತೇನೆ.

ನೀರು ಹರಿದು ಬರುವ ಕಡೆ, ಮೀನಿನಿಂದ ನಾಲ್ಕೈದು ಅಡಿ ಮೇಲಕ್ಕೆ ಫ್ಲೈ ಬಿಟ್ಟು, ಗಾಳದ ದಾರ ಎಳೆಯದ ಹಾಗೆ ತೇಲಲು ಬಿಡುತ್ತೇನೆ. ಸೆಳವು ದಾರವನ್ನು ಜಗ್ಗಿದರೆ ಫ್ಲೈಯ ಹಿಂದೆ ಸಣ್ಣ ಗೆರೆ ಏಳುತ್ತದೆ, ಮೀನು ಅಲ್ಲಿಗೇ ದೂರ ಸರಿಯುತ್ತದೆ. ಕಚ್ಚಿದಾಗ ಸದ್ದೇನೂ ಇರುವುದಿಲ್ಲ. ತೇಲಿ ಬರುತ್ತಿದ್ದ ಬಿಳಿ ಚುಕ್ಕೆ ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ. ಆಗ ಜೋರಾಗಿ ಜಗ್ಗಬಾರದು, ಕೋಲನ್ನು ಮೆಲ್ಲಗೆ ಎತ್ತಿದರೆ ಸಾಕು.