ಕಲ್ಲಿನಿಂದ ಎಳೆದು ತೆಗೆದ ಬೇರು

ಅಮೆರಿಕದ ಇಲಿನಾಯ್‌ಗೆ ಓದಲು ಬಂದ ಮೊದಲ ವರ್ಷ ಲ್ಯಾಬ್‌ನಲ್ಲಿ ನನ್ನ ಕೈಗೊಂದು ಕಲ್ಲು ಕೊಟ್ಟರು. ತೆಂಗಿನಕಾಯಿಯಷ್ಟು ದಪ್ಪ, ಕಂದು ಬಣ್ಣ, ಒಳ್ಳೆ ಭಾರ. ಇದನ್ನು ಕೋಲ್ ಬಾಲ್ ಅಂತಾರೆ. ಕಲ್ಲಿದ್ದಲ ಪದರದೊಳಗೆ ಸಿಗುತ್ತದೆ.

ಸುಮಾರು 30 ಕೋಟಿ ವರ್ಷಗಳ ಹಿಂದೆ ಇಲ್ಲೆಲ್ಲ ಜೌಗು ಕಾಡು. ಬಿದ್ದ ಎಲೆ, ಕಾಂಡ, ಬೇರುಗಳ ರಾಶಿ ಹೂತು, ಒತ್ತಿಹೋಗಿ ಕಲ್ಲಿದ್ದಲಾಯಿತು. ಕೆಲವು ಕಡೆ ಮಾತ್ರ ಒತ್ತಿಹೋಗುವ ಮೊದಲೇ ಅದರೊಳಗೆ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿ ಗಟ್ಟಿಯಾಯಿತು. ಅಲ್ಲಿ ಗಿಡದ ಒಂದೊಂದು ಜೀವಕೋಶದ ಗೋಡೆಯೂ ಹಾಗೇ ಉಳಿದಿದೆ.

ಮೊದಲು ಕಲ್ಲನ್ನು ವಜ್ರದ ಗರಗಸದಲ್ಲಿ ಸೀಳಿದೆ. ಆಮೇಲೆ ದಪ್ಪ ಗಾಜಿನ ಮೇಲೆ ಕಾರ್ಬೊರಂಡಮ್ ಅನ್ನುವ ಗಟ್ಟಿ ಉಜ್ಜುಪುಡಿ, ನೀರು ಹಾಕಿ ಗಂಧ ತೇಯುವ ಹಾಗೆ ತೇಯ್ದೆ. ಮೊದಲು 400ರ ಪುಡಿ, ನಂತರ ಅದಕ್ಕಿಂತ ನಯವಾದ 600ರದ್ದು. ನುಣುಪಾದ ಮುಖವನ್ನು ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಹತ್ತು ಹದಿನೈದು ಸೆಕೆಂಡು ಅದ್ದಬೇಕು. ಜುಮ್ ಅಂತ ನೊರೆ ಬರುತ್ತದೆ. ಸುಣ್ಣ ಕರಗಿ, ಕೋಶಗಳ ಗೋಡೆ ಮಾತ್ರ ಕೂದಲಿಗಿಂತ ಸಣ್ಣಗೆ ಎದ್ದು ನಿಲ್ಲುತ್ತದೆ. ಆಗ ಅದನ್ನು ಮುಟ್ಟಲೇಬಾರದು. ನಾನು ಒಣಗಿದೆಯಾ ಅಂತ ಬೆರಳಲ್ಲಿ ಸವರಿ ನೋಡಿದೆ. ಅಷ್ಟೂ ಅಳಿಸಿಹೋಯಿತು. ಮತ್ತೆ ತೇಯ್ದಿದ್ದಾಯಿತು.

ಎರಡನೇ ಸಲ ಅಸಿಟೋನ್ ಸುರಿದು, ಆಸಿಟೇಟ್ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಒಂದು ತುದಿಯಿಂದ ನಿಧಾನಕ್ಕೆ ಹಾಸಿದೆ. ಅಸಿಟೋನ್ ತಾಗಿ ಮೆತ್ತಗಾದ ಹಾಳೆ ಎದ್ದು ನಿಂತ ಗೋಡೆಗಳನ್ನು ಹಿಡಿದುಕೊಳ್ಳುತ್ತದೆ. ಅವಸರ ಮಾಡಿದರೆ ಗುಳ್ಳೆ ನಿಲ್ಲುತ್ತವೆ. ಅರ್ಧ ಗಂಟೆ ಕಾದು ಹಾಳೆಯನ್ನು ಎಳೆದೆ. ಕಾಡಿನ ಒಂದು ಪದರವೇ ಕಿತ್ತು ಕೈಗೆ ಬಂತು.

ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲೆಲ್ಲೂ ಉಂಗುರಗಳು. ಲೆಪಿಡೋಡೆಂಡ್ರಾನ್ ಗುಂಪಿನ ಮರಗಳ ಕಿರುಬೇರುಗಳವು. ಹೊರಗೊಂದು ಉಂಗುರ, ನಡುವೆ ಟೊಳ್ಳು, ಒಳಗೆ ಒಂದು ಬದಿಗೆ ಒರಗಿಕೊಂಡ, ನೀರು ಸಾಗಿಸುವ ಒಂದೇ ನಾಳ. ಕೊಳೆತ ಒಂದು ಕಾಂಡದ ಒಳಗೇ ಒಂದು ಬೇರು ನುಗ್ಗಿತ್ತು, ಆ ಬೇರಿನೊಳಗೆ ಇನ್ನೊಂದು! 30 ಮೀಟರಿಗೂ ಎತ್ತರ ಬೆಳೆಯುತ್ತಿದ್ದ ಮರಗಳಿವು. ನಮ್ಮ ಸಾಗುವಾನಿಯ ಹಾಗೆ ಚೇಗಿನ ಬಲದಿಂದ ನಿಂತವಲ್ಲ. ನಡುವಿನ ಕಟ್ಟಿಗೆ ತೀರಾ ಸಣ್ಣದು, ಹೊತ್ತು ನಿಲ್ಲಿಸುತ್ತಿದ್ದದ್ದು ದಪ್ಪ ತೊಗಟೆ. ಮರವಾಗುವುದಕ್ಕೆ ಹೀಗೂ ಒಂದು ದಾರಿ ಇತ್ತು ಅಂತ ಓದಿದ್ದೆ, ಆದರೆ ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು.

ಈ ದೈತ್ಯರ ಹತ್ತಿರದ ನೆಂಟ ಈಗಲೂ ಇದೆ, ಐಸೋಯಿಟಿಸ್. ನಮ್ಮ ಉಡುಪಿ ಕಡೆ ಮುರಕಲ್ಲಿನ ಬಯಲಲ್ಲಿ ಮಳೆನೀರು ನಿಂತಲ್ಲಿ ಬೆಳೆಯುತ್ತದೆ. ನೋಡಿದರೆ ಸುಮ್ನೆ ಹುಲ್ಲು ಅನ್ನಬೇಕು. ಚಿಕ್ಕಂದಿನಲ್ಲಿ ಅದನ್ನು ತುಳಿದುಕೊಂಡೇ ಶಾಲೆಗೆ ಹೋಗಿದ್ದೇನೆ. ಮುಂದಿನ ಮಳೆಗಾಲ ಊರಿಗೆ ಹೋದಾಗ ಒಂದು ಗಿಡ ಕಿತ್ತು, ಬೇರನ್ನು ಬ್ಲೇಡಿನಲ್ಲಿ ಕೊಯ್ದು, ಲೆನ್ಸ್ ಹಿಡಿದೆ. ಅದೇ ಟೊಳ್ಳು. ಅದೇ ಬದಿಗೆ ಒರಗಿದ ಒಂಟಿ ನಾಳ. ಪಕ್ಕದಲ್ಲಿ ಕೂತಿದ್ದ ಅಜ್ಜಿಗೂ ಲೆನ್ಸ್ ಕೊಟ್ಟು ತೋರಿಸಿದೆ.