ಹೈಡ್ರೋಜನ್ ನೀರು: ಗ್ಯಾಸ್ ಹಾರುವ ಮೊದಲು ಕುಡಿಯುವುದು ಹೇಗೆ?

ಬೆಳಗಾವಿಯ ಕೋಟೆ ಕೆರೆ ದಂಡೆಗೆ ವಾಕಿಂಗ್ ಬರುವವರ ಕೈಯಲ್ಲಿ ಈಗೀಗ ನೀಲಿ ದೀಪದ ಬಾಟಲಿ ಕಾಣುತ್ತಿದೆ. ಅದು ಹೈಡ್ರೋಜನ್ ನೀರಿನ ಬಾಟಲಿ, ಅಂದರೆ ಕರೆಂಟು ಹಾಯಿಸಿ ಕುಡಿಯುವ ನೀರಿನಲ್ಲಿ ಹೈಡ್ರೋಜನ್ ಗ್ಯಾಸು ಕರಗಿಸುವ ಬಾಟಲಿ. ಬೊಜ್ಜು ಕರಗುತ್ತದೆ ಅಂತ ಯಾರೋ ಹೇಳಿದ್ದನ್ನು ಕೇಳಿ ತರಿಸಿರುತ್ತಾರೆ.

ನಮ್ಮ ಚಿಗವ್ವನೂ ತರಿಸಿದ್ದಳು. ರಾತ್ರಿ ನೀರು ಮಾಡಿ ಮಣ್ಣಿನ ಹರವಿಗೆ ಸುರಿದು ಮುಚ್ಚಿಡುತ್ತಿದ್ದಳು. ‘ನಸಿಕಿನ್ಯಾಗ ತಂಪ ಕುಡೀತೀನಿ, ಅದಕ್ಕ ರಾತ್ರೀನ ತುಂಬಿಡತೀನಿ’ ಅಂದಳು. ಬೆಳಗಾಗುವುದರೊಳಗೆ ಗ್ಯಾಸು ಹಾರಿಹೋಗಿ, ಎರಡು ತಿಂಗಳು ಅವಳು ಕುಡಿದದ್ದು ಬರೀ ಹರವಿಯ ನೀರು. ಅದನ್ನು ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಮೊದಲು ಟೇಪು ಹಿಡಿಯಿರಿ. ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಸೊಂಟದ ಸುತ್ತಳತೆ ಬರೆದಿಡಿ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು.

ಆಸೆ ಎಷ್ಟಿರಬೇಕು? ಈ ವಿಷಯಕ್ಕೆ ಜೋರು ಬಂದದ್ದು 2007ರಲ್ಲಿ, ಜಪಾನಿನ ಶಿಗೆಯೊ ಓಟಾ ಅವರ ತಂಡದ ಸಂಶೋಧನೆಯಿಂದ. 2011ರಲ್ಲಿ ಸಕ್ಕರೆ ಕಾಯಿಲೆಯ ದಪ್ಪ ಇಲಿಗಳಿಗೆ ಈ ನೀರು ಕುಡಿಸಿದಾಗ ಲಿವರಿನ ಕೊಬ್ಬು ಕಡಿಮೆಯಾಯಿತು. ಮನುಷ್ಯರ ಮೇಲಿನ ಪ್ರಯೋಗಗಳು ಸಣ್ಣವು. 2020ರಲ್ಲಿ ಪ್ರಕಟವಾದ ಒಂದರಲ್ಲಿ 60 ಜನರು 24 ವಾರ ಭಾಗವಹಿಸಿದ್ದರು. ಹೈಡ್ರೋಜನ್ ನೀರು ಕುಡಿದವರಲ್ಲಿ ಕೊಲೆಸ್ಟ್ರಾಲ್, ಸಕ್ಕರೆ ಇಳಿದವು, ಸೊಂಟದಲ್ಲಿ ಆದ ಬದಲಾವಣೆ ಚಿಕ್ಕದು. ಹಾಗಾಗಿ ವಾಕಿಂಗ್ ಬಿಡಬೇಡಿ, ಸಕ್ಕರೆ ಗುಳಿಗೆಯನ್ನಂತೂ ಬಿಡಲೇಬೇಡಿ. ದಿನಾ ಕುಂದಾ ತಿಂದು ಮೇಲೆ ಈ ನೀರು ಕುಡಿದರೆ ಏನೂ ಆಗುವುದಿಲ್ಲ.

ಬಾಟಲಿ ಆರಿಸುವುದು. ಒಳಗೆ ಪೊರೆ ಇರುವ ಬಾಟಲಿಯನ್ನೇ ತಗೊಳ್ಳಿ. ಕರೆಂಟು ಹರಿದಾಗ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಎರಡೂ ಬರುತ್ತವೆ. ಪೊರೆ ಇದ್ದರೆ ಹೈಡ್ರೋಜನ್ ನೀರಿನಲ್ಲಿ ಉಳಿದು, ಆಕ್ಸಿಜನ್ ಹೊರಗೆ ಹೋಗುತ್ತದೆ. ಅಗ್ಗದ ಬಾಟಲಿಗಳಲ್ಲಿ ಪೊರೆಯೇ ಇರುವುದಿಲ್ಲ. ಅದಕ್ಕೆ ಉಪ್ಪಿನಂಶದ ನೀರು ಹಾಕಿದರೆ ಕ್ಲೋರಿನ್ ಹುಟ್ಟುತ್ತದೆ. ಮುಚ್ಚಳ ತೆಗೆದ ಕೂಡಲೇ ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಆ ನೀರು ಚೆಲ್ಲಿ, ಬಾಟಲಿ ವಾಪಸ್ ಮಾಡಿ. ‘ಅಲ್ಕಲೈನ್ ನೀರು’ (ಕ್ಷಾರದ ನೀರು) ಅಂತ ಮಾರುವುದು ಬೇರೆ, ಇದು ಬೇರೆ.

ಯಾವ ನೀರು? ವಿಜಯಪುರ, ಬಾಗಲಕೋಟೆ ಕಡೆಯ ಬೋರ್‌ವೆಲ್ ನೀರು ಗಡಸು. ಹಾಕಿದರೆ ಕೆಲವೇ ವಾರಗಳಲ್ಲಿ ತಳದ ಜಾಲರಿಗೆ ಬಿಳಿ ಪದರ ಹಿಡಿಯುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರೇ ಸಾಕು. ಫ್ಲೋರೈಡ್ ಇರುವ ನೀರು ಈ ಬಾಟಲಿಗೆ ಹಾಕಿದರೂ ಫ್ಲೋರೈಡ್ ಹೋಗುವುದಿಲ್ಲ.

ಈಗ ಎಲ್ಲರೂ ಎಡವುವ ಹಂತ. ಹೈಡ್ರೋಜನ್ ಅಣುವಿಗಿಂತ ಚಿಕ್ಕ ಅಣು ಇನ್ನೊಂದಿಲ್ಲ. ಪ್ಲಾಸ್ಟಿಕ್ಕಿನ ಗೋಡೆಯಿಂದಲೂ ನುಸುಳಿ ಹೋಗುತ್ತದೆ. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವುದೇ ಸುಮಾರು 1.6 ಮಿಲಿಗ್ರಾಂ. ಬಾಯಿ ತೆರೆದ ಲೋಟದಲ್ಲಿಟ್ಟರೆ ಒಂದೆರಡು ಗಂಟೆಯಲ್ಲಿ ಅರ್ಧದಷ್ಟು ಹೋಗಿರುತ್ತದೆ. ಅಲ್ಲಾಡಿಸಿದರೆ, ಲೋಟದಿಂದ ಲೋಟಕ್ಕೆ ಆರಿಸಿದರೆ ಇನ್ನೂ ಬೇಗ.

ಅದಕ್ಕೆ ಹೀಗೆ ಮಾಡಿ. ಬಾಟಲಿಯನ್ನು ಕಂಠದವರೆಗೆ ತುಂಬಿ, ಮೇಲೆ ಗಾಳಿಗೆ ಜಾಗ ಬಿಡಬೇಡಿ. ಮುಚ್ಚಳ ಬಿಗಿ ಮಾಡಿ ಬಟನ್ ಒತ್ತಿ. ಹೊಗೆಯ ಹಾಗೆ ಸಣ್ಣ ಗುಳ್ಳೆಗಳು ಏಳುತ್ತವೆ. ಆದರೆ ಗುಳ್ಳೆ ಜಾಸ್ತಿ ಕಂಡರೆ ಹೈಡ್ರೋಜನ್ ಜಾಸ್ತಿ ಅಂತಲ್ಲ. ಕಣ್ಣಿಗೆ ಕಾಣುವ ಗುಳ್ಳೆ ಹಾರಿಹೋಗುವ ಗ್ಯಾಸು, ನಮಗೆ ಬೇಕಾದದ್ದು ಕರಗಿದ ಗ್ಯಾಸು. ದೀಪ ಆರಿದ ಮೇಲೆ ಮುಚ್ಚಳ ತೆಗೆದು, ಅಲ್ಲೇ ನಿಂತು, ಬಾಟಲಿಗೇ ಬಾಯಿ ಹಚ್ಚಿ ಕುಡಿಯಿರಿ. ಹತ್ತು ನಿಮಿಷದೊಳಗೆ ಮುಗಿಸಿ. ಚರಗಿಗೆ ಹಾಕಬೇಡಿ, ಫ್ರಿಜ್ಜಿನಲ್ಲಿ ಇಡಬೇಡಿ. ಚಹಾ ಮಾಡುವುದಂತೂ ಬೇಡವೇ ಬೇಡ, ಕುದಿ ಬಂದರೆ ಗ್ಯಾಸೆಲ್ಲ ಹೋಯಿತು. ‘5 ಪಿಪಿಎಂ’ (ಲೀಟರಿಗೆ 5 ಮಿಲಿಗ್ರಾಂ) ಅಂತ ಬರೆದ ಬಾಟಲಿಯಲ್ಲಿ ಒತ್ತಡದಿಂದ ಅಷ್ಟು ತುಂಬಿದ್ದರೂ, ಮುಚ್ಚಳ ತೆಗೆದರೆ ಸೋಡಾದಂತೆ ಇಳಿಯತೊಡಗುತ್ತದೆ.

ಪೇಟೆಯಲ್ಲಿ ಸಾದಾ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಟ್ಟು ಮಾರುವ ಹೈಡ್ರೋಜನ್ ನೀರಿಗೆ ದುಡ್ಡು ಹಾಕಬೇಡಿ. ಅಲ್ಯುಮಿನಿಯಂ ಪೌಚಿನದ್ದಾದರೆ ಪರವಾಗಿಲ್ಲ.

ಬಾಟಲಿ ಬೇಡವೆಂದರೆ ಗುಳಿಗೆಯ ದಾರಿ ಸುಲಭ. ಹೈಡ್ರೋಜನ್ ನೀರಿಗೆಂದೇ ಮಾರುವ ಮೆಗ್ನೀಷಿಯಂ ಗುಳಿಗೆ ನೀರಿಗೆ ಬಿದ್ದರೆ ಹೈಡ್ರೋಜನ್ ಬಿಡುತ್ತದೆ. ಪೂರ್ತಿ ಕರಗಿ, ನೀರು ಇನ್ನೂ ಹಾಲಿನಂತೆ ಇರುವಾಗಲೇ ಕುಡಿಯಬೇಕು. ಗಾಜಿನ ಬಾಟಲಿಯಲ್ಲಿ ಹಾಕಿ ಬಿಗಿದು ಮುಚ್ಚಬೇಡಿ, ಒತ್ತಡಕ್ಕೆ ಒಡೆದೀತು. ಮೆಗ್ನೀಷಿಯಂ ಜಾಸ್ತಿಯಾದರೆ ಭೇದಿ ಹಿಡಿಯುತ್ತದೆ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಈ ಗುಳಿಗೆ ಮುಟ್ಟಲೇಬಾರದು.

ಎಷ್ಟು ಕುಡಿಯಬೇಕು? ಜಪಾನಿನ ಸಕ್ಕರೆ ರೋಗಿಗಳ ಒಂದು ಪ್ರಯೋಗದಲ್ಲಿ ದಿನಕ್ಕೆ 900 ಮಿ.ಲೀ.ಯಂತೆ ಎಂಟು ವಾರ ಕೊಟ್ಟಿದ್ದರು. ಒಮ್ಮೆಲೇ ಬೇಡ, ಮೂರು ಸಲ ಮಾಡಿ, ಪ್ರತಿ ಸಲ ಹೊಸದಾಗಿ ತಯಾರಿಸಿ. ನನ್ನ ಕೇಳಿದರೆ ಊಟಕ್ಕೆ ಅರ್ಧ ತಾಸು ಮೊದಲು ಕುಡಿಯುವುದು ಒಳ್ಳೆಯದು. ಹೊಟ್ಟೆ ಸ್ವಲ್ಪ ತುಂಬಿ ಮೂರನೇ ರೊಟ್ಟಿಗೆ ಕೈ ಹೋಗುವುದಿಲ್ಲ.

ಕೊನೆಗೆ ತೊಳೆಯುವುದು. ವಾರಕ್ಕೊಮ್ಮೆ ಬಿಸಿ ನೀರಿಗೆ ಒಂದು ಚಮಚ ಸಿಟ್ರಿಕ್ ಆಸಿಡ್ ಪುಡಿ ಹಾಕಿ, ಆರಿದ ಮೇಲೆ ಬಾಟಲಿಯಲ್ಲಿ ಅರ್ಧ ತಾಸು ಬಿಡಿ. ಬಟನ್ ಒತ್ತಬೇಡಿ. ಚೆಲ್ಲಿ ಎರಡು ಸಲ ತೊಳೆಯಿರಿ. ಬಳಸದ ದಿನವೂ ತಳದಲ್ಲಿ ಸ್ವಲ್ಪ ನೀರು ಇರಲಿ, ಒಣಗಿದರೆ ಪೊರೆ ಕೆಡುತ್ತದೆ.