ಹೆಸರಿಲ್ಲದ ರಾತ್ರಿ ಕಳ್ಳಿಯ ಗುರುತು ಹಿಡಿದದ್ದು

ರಾತ್ರಿ ಹೂ ಬಿಡುವ ನನ್ನ ಕಳ್ಳಿಯ ತುಂಡು ಕೊಟ್ಟವರಿಗೂ ಅದರ ಹೆಸರು ಗೊತ್ತಿರಲಿಲ್ಲ. ಹೂ ಬಿಟ್ಟ ರಾತ್ರಿ ಫೋಟೋ ನೋಡಿದವರೆಲ್ಲ ಬ್ರಹ್ಮಕಮಲ ಅಂದರು. ಅದಲ್ಲ ಅಂತ ಕಾಂಡವೇ ಹೇಳುತ್ತಿತ್ತು. ಬ್ರಹ್ಮಕಮಲ ಅಂತ ನಾವು ಕುಂಡದಲ್ಲಿ ಬೆಳೆಸುವ ಎಪಿಫಿಲಮ್ ಆಕ್ಸಿಪೆಟಲಮ್‌ನ ಕಾಂಡ ಎಲೆಯ ಹಾಗೆ ಚಪ್ಪಟೆ, ಚುಚ್ಚುವ ಮುಳ್ಳಿಲ್ಲ. ನನ್ನದು ಉದ್ದಕ್ಕೂ ಏಣುಗಳಿರುವ, ನಡುನಡುವೆ ಬೇರು ಬಿಟ್ಟು ಹತ್ತುವ ಮುಳ್ಳುಬಳ್ಳಿ.

ಇಂಥ ಕಳ್ಳಿಗಳಲ್ಲಿ ಹೂವಿನ ಮುಖ ನೋಡಿ ಹೆಸರು ಹೇಳುವುದು ಕಷ್ಟ. ಕತ್ತಲಲ್ಲಿ ಪತಂಗವನ್ನೋ ಬಾವಲಿಯನ್ನೋ ಕರೆಯಬೇಕಲ್ವಾ, ಹಾಗಾಗಿ ಬಹಳಷ್ಟು ಹೂಗಳು ಬಿಳಿ, ದೊಡ್ಡವು. ಆದರೆ ಎಲ್ಲರೂ ತೆಗೆಯುವುದು ಮುಖದ ಫೋಟೋ ಮಾತ್ರ! ನಾನು ಟಾರ್ಚ್ ಹಿಡಿದು ಹೂವಿನ ಬೆನ್ನು ನೋಡಿದೆ. ಎಸಳುಗಳ ಹಿಂದೆ ಉದ್ದನೆಯ ಕೊಳವೆ ಇರುತ್ತದೆ, ಗುಟ್ಟೆಲ್ಲ ಅಲ್ಲೇ. ಡ್ರ್ಯಾಗನ್ ಫ್ರೂಟ್‌ದಾದರೆ ಕೊಳವೆ ಮೇಲೆ ಎಲೆಯಂಥ ಅಗಲ ಹಸಿರು ಪೊರೆಗಳು, ಕೂದಲಿಲ್ಲ, ಕಾಂಡಕ್ಕೆ ಸಾಮಾನ್ಯವಾಗಿ ಮೂರೇ ಏಣು. ಕಂಬದ ಹಾಗೆ ನೆಟ್ಟಗೆ ನಿಲ್ಲುವ ಸೀರಿಯಸ್ (Cereus) ಕುಲದ ಕಳ್ಳಿಗಳಲ್ಲಿ ಕೊಳವೆ ಹೆಚ್ಚುಕಡಿಮೆ ಬೋಳು. ನನ್ನ ಹೂವಿನ ಕೊಳವೆ ತುಂಬ ಬಿಳಿ ಕೂದಲು, ನಡುವೆ ಬಿರುಸು ಮುಳ್ಳು. ಇದು ಸೆಲೆನಿಸೀರಿಯಸ್ (Selenicereus) ಕುಲದ್ದು ಅನ್ನುವುದು ಅಲ್ಲಿಗೆ ಬಹುತೇಕ ಖಚಿತವಾಯಿತು.

ಆ ಕುಲದಲ್ಲಿ ಯಾವ ಜಾತಿ, ಗ್ರಾಂಡಿಫ್ಲೋರಸ್ಸೋ ಪ್ಟೆರಾಂಥಸ್ಸೋ? ಹೂ ಬಾಡಿದ ಮೇಲೂ ಇದನ್ನು ನೋಡಬಹುದು, ಯಾಕಂದ್ರೆ ಉತ್ತರ ಇರುವುದು ಕಾಂಡದಲ್ಲಿ. ಗ್ರಾಂಡಿಫ್ಲೋರಸ್‌ನ ಕಾಂಡ ಸಪೂರ, ಏಣು ಜಾಸ್ತಿ, ಮುಳ್ಳು ಸೂಜಿಯ ಹಾಗೆ. ಪ್ಟೆರಾಂಥಸ್‌ದು ದಪ್ಪ ಕಾಂಡ, ನಾಲ್ಕರಿಂದ ಆರು ಏಣು, ಮುಳ್ಳು ಕೆಲವೇ ಮಿಲಿಮೀಟರ್, ಬುಡ ಅಗಲವಾಗಿ ಮೊಂಡು. ಎಳೆ ಚಿಗುರಿನಲ್ಲಿ ಏಣು ಎಣಿಸಬೇಡಿ, ಅದು ಬೆಳೀತಾ ಬದಲಾಗುತ್ತದೆ. ಹೂ ಬಿಟ್ಟ ಹಳೇ ಕಾಂಡವನ್ನೇ ಹಿಡಿಯಿರಿ, ಹೂವಿನ ಪಕ್ಕ ಸ್ಕೇಲ್ ಇಟ್ಟು ಬದಿಯಿಂದ ಒಂದು, ಹಿಂದಿನಿಂದ ಒಂದು, ಮುಳ್ಳಿನ ಗುಂಪಿನದು ಹತ್ತಿರದಿಂದ ಒಂದು ಫೋಟೋ ತೆಗೆದಿಡಿ, ಬೆಳಗಾಗುವಷ್ಟರಲ್ಲಿ ಹೂ ಜೋತುಬಿದ್ದಿರುತ್ತದೆ. ನನ್ನದು ಪ್ಟೆರಾಂಥಸ್‌ಗೆ ಹೊಂದಿತು. ಮಿಶ್ರತಳಿಗಳೂ ಓಡಾಡುತ್ತಿವೆ, ಅದಕ್ಕೇ ಹೆಸರಿನ ಚೀಟಿಯಲ್ಲಿ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಬಿಟ್ಟಿದ್ದೇನೆ.

ಹುಡುಕುವಾಗ ಇನ್ನೊಂದು ತಲೆನೋವು ಹಳೇ ಹೆಸರುಗಳದ್ದು. ಡ್ರ್ಯಾಗನ್ ಫ್ರೂಟ್‌ನ ಹೈಲೋಸೀರಿಯಸ್ ಕುಲವನ್ನು 2017ರಲ್ಲಿ ಸೆಲೆನಿಸೀರಿಯಸ್‌ಗೆ ಸೇರಿಸಿದರು. ಹಾಗಾಗಿ ಈಗ ಸೆಲೆನಿಸೀರಿಯಸ್ ಅಂತ ಮಾತ್ರ ಹುಡುಕಿದರೆ ಎರಡೂ ಥರದ ಹೂಗಳು ಸಿಗುತ್ತವೆ. ಹಳೇ ಪುಸ್ತಕದಲ್ಲಾದರೆ ಎರಡೂ ಹೆಸರಿನಲ್ಲಿ ನೋಡಿ.